ಎಕ್ಸ್-ಮೆನ್‌ಗೆ ನಮ್ಮ ಶೆಟ್ಟರೇ ಆಗಬೇಕು

ಕಾಮಿಕ್ ಪುಸ್ತಕಗಳಿಂದ ಬಂದ ಅತಿಮಾನುಷ ಶಕ್ತಿಯ ತಂಡವೊಂದರ ಕಥೆಯಾದ ಎಕ್ಸ್-ಮೆನ್ ಚಿತ್ರಸರಣಿಯನ್ನು ಮತ್ತೆ ಮೊದಲಿನಿಂದ ಆರಂಭಿಸಲು ಹೊರಟಿರುವ ಮಾರ್ವೆಲ್ ಸ್ಟುಡಿಯೋಸ್, ಅದರ ನಿರ್ದೇಶನದ ಹೊಣೆಯನ್ನು ಜೇಕ್ ಶ್ರೈಯರ್ ಎಂಬವರಿಗೆ ವಹಿಸಿರುವುದು 2025ರಲ್ಲೇ ಎಲ್ಲರಿಗೂ ತಿಳಿದ ವಿಚಾರ. ನಿರ್ದೇಶಕ ಯಾರೆಂದು ತಿಳಿದ ಮೇಲೆ ನಿರ್ದೇಶಕ ಯಾರಾಗಬೇಕೆಂಬ ಚರ್ಚೆ ತಾನಾಗಿಯೇ ನಿಲ್ಲುತ್ತದೆ ಎಂದು ನಂಬುವವರು ಅಭಿಮಾನಿಗಳನ್ನು ಹತ್ತಿರದಿಂದ ಕಂಡವರಲ್ಲ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಮ್ಮ ಕನ್ನಡದ ಹುಡುಗರ ಗುಂಪೊಂದಿದೆ. ಒಬ್ಬನ ಬ್ಯಾಗು ಇನ್ನೊಬ್ಬನ ಎದೆಗೆ ಒತ್ತಿಕೊಂಡು, ಮೂರನೆಯವನ ಮೊಣಕೈ ನಾಲ್ಕನೆಯವನ ಕನ್ನಡಕಕ್ಕೆ ತಗುಲಿ, ಎತ್ತಿದ ಕಾಲನ್ನು ಮತ್ತೆ ಎಲ್ಲಿ ಊರಬೇಕೆಂದು ತಿಳಿಯದ ಆ ಡಬ್ಬಿಯಲ್ಲಿ, ಗಾಡಿ ಠಾಣೆ ದಾಟುವಷ್ಟರಲ್ಲಿ ಅವರು ಮೂವರು ನಿರ್ದೇಶಕರನ್ನು ನೇಮಿಸಿ ಇಬ್ಬರನ್ನು ವಜಾ ಮಾಡಿರುತ್ತಾರೆ. ಘಾಟ್ಕೋಪರ್ ಬರುವ ಹೊತ್ತಿಗೆ ವಜಾ ಆದವರಲ್ಲಿ ಒಬ್ಬರು ಬಹುಮತದಿಂದ ಮರಳಿ ಅಧಿಕಾರ ಸ್ವೀಕರಿಸುತ್ತಾರೆ. ನಿಜವಾದ ಶ್ರೈಯರ್ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ಆಗಿಹೋದ ನೇಮಕಾತಿಯಲ್ಲಿ ಚರ್ಚೆಗೆ ರಸವಿಲ್ಲ.

ಅಭ್ಯರ್ಥಿಗಳ ಪಟ್ಟಿ ಉದ್ದವಾದದ್ದು. ಕ್ರಿಸ್ಟೋಫರ್ ನೋಲನ್ ಬರಬೇಕೆಂದು ಒಬ್ಬ ಹೇಳಿದರೆ, ನೋಲನ್ ಬಂದರೆ ಮೊದಲ ಸಲಕ್ಕೆ ಕಥೆ ತಿಳಿಯುವುದಿಲ್ಲ, ಎರಡನೇ ಸಲ ನೋಡಲು ಮುಂಬೈಯ ಐಮ್ಯಾಕ್ಸ್ ದರದಲ್ಲಿ ಸಾಲ ಮಾಡಬೇಕಾಗುತ್ತದೆ ಎಂದು ಇನ್ನೊಬ್ಬನ ಆಕ್ಷೇಪ. ರಾಜಮೌಳಿಯವರ ಪರವಾಗಿ ಎಂದಿನಂತೆ ದೊಡ್ಡ ದನಿಗಳಿವೆ. ಪ್ರಶಾಂತ್ ನೀಲ್ ಅವರಿಗೆ ಕೊಟ್ಟರೆ ಎಕ್ಸ್-ಮೆನ್ ತಂಡದ ಹಳದಿ ಮತ್ತು ನೀಲಿ ಉಡುಪುಗಳೆಲ್ಲ ಕಲ್ಲಿದ್ದಲಿನ ಬಣ್ಣಕ್ಕೆ ತಿರುಗುತ್ತವೆ ಎಂಬುದು ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಭರವಸೆ. ಉಪೇಂದ್ರ ಅವರಿಗೆ ಕೊಡಬೇಕೆನ್ನುವ ಬಣ ಚಿಕ್ಕದಾದರೂ ನಿಷ್ಠಾವಂತ. ಅವರ ಕೈಯಲ್ಲಿ, ಪರರ ಮನಸ್ಸನ್ನು ಓದುವ ಪ್ರೊಫೆಸರ್ ಎಕ್ಸ್ ಕೊನೆಯ ದೃಶ್ಯದಲ್ಲಿ ಪ್ರೇಕ್ಷಕನ ಮನಸ್ಸನ್ನೇ ಓದಿ, ಮನೆಯಲ್ಲಿ ಬೇರೆ ಕೆಲಸ ಇಲ್ಲವೇನಯ್ಯಾ ಎಂದು ಬೈದು ಕಳಿಸುತ್ತಾನಂತೆ. ಈ ಒಂದು ಸಲಹೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ಆದರೆ ಮುಂಬೈ ಕನ್ನಡಿಗರ, ಅದರಲ್ಲೂ ಕರಾವಳಿ ಮೂಲದವರ, ಸರ್ವಸಮ್ಮತ ಅಭ್ಯರ್ಥಿ ರೋಹಿತ್ ಶೆಟ್ಟಿ. ಅವರ ತಂದೆ, ಹಿಂದಿ ಚಿತ್ರರಂಗದ ಸಾಹಸ ಕಲಾವಿದ ಎಂ. ಬಿ. ಶೆಟ್ಟಿಯವರು, ಮಂಗಳೂರು ಕಡೆಯವರು ಎಂಬ ಒಂದು ಅರ್ಹತೆಯ ಮುಂದೆ ಹಾಲಿವುಡ್‌ನ ಎಲ್ಲ ಅರ್ಹತೆಗಳೂ ಗೌಣ. ವಾದವನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ. ಮ್ಯಾಗ್ನೆಟೋ ಎಂಬ ಖಳನಾಯಕ ಕಾರುಗಳನ್ನು ಗಾಳಿಗೆ ಎತ್ತಬೇಕಾದರೆ ಅವನಿಗೆ ಕಾಂತಶಕ್ತಿ ಬೇಕಾಗುತ್ತದೆ. ಶೆಟ್ಟರು ಅದರ ಹಂಗಿಲ್ಲದೆ ಇಷ್ಟು ವರ್ಷ ಎತ್ತಿಕೊಂಡೇ ಬಂದಿದ್ದಾರೆ. ಬೇರೆ ಬೇರೆ ಚಿತ್ರಗಳ ನಾಯಕರನ್ನು ತಂದು ಒಂದೇ ಚಿತ್ರದಲ್ಲಿ ನಿಲ್ಲಿಸಿದ ಅನುಭವವೂ ಅವರಿಗೆ 2024ರಲ್ಲಿ ‘ಸಿಂಘಂ ಅಗೇನ್’ ಮಾಡಿದಾಗ ಆಗಿದೆ. “ಎಂತ ಮಾರಾಯ, ನಮ್ಮವರಿಗೆ ಒಂದು ಚಾನ್ಸ್ ಕೊಟ್ಟರೆ ಅವರ ಗಂಟು ಎಂತ ಹೋಗ್ತದೆ?” ಎಂದು ಒಬ್ಬ ಹುಡುಗ ಕೇಳಿದಾಗ, ಗಂಟು ಎಷ್ಟು ದೊಡ್ಡದೆಂದು ಅವನಿಗೆ ಹೇಳುವ ಮನಸ್ಸಾಗಲಿಲ್ಲ.

ಇಲ್ಲಿ ಹೇಳುತ್ತೇನೆ. ಈ ಮರು ಆರಂಭದ ಮೂಲ ಕಾರಣ ಕಥೆಯಲ್ಲ, ಕಾಗದಪತ್ರ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ಈ ಪಾತ್ರಗಳ ಚಿತ್ರಹಕ್ಕನ್ನು ಮಾರ್ವೆಲ್ 1990ರ ದಶಕದಲ್ಲಿ ಫಾಕ್ಸ್ ಸಂಸ್ಥೆಗೆ ಮಾರಿಕೊಂಡಿತ್ತು. 2000ದಲ್ಲಿ ಬ್ರಯಾನ್ ಸಿಂಗರ್ ನಿರ್ದೇಶನದಲ್ಲಿ ಹೊರಟ ಆ ಬಂಡಿ ಎರಡು ದಶಕಗಳ ಕಾಲ ಏಳುತ್ತ ಬೀಳುತ್ತ ಓಡಿತು. ಒಂದೇ ಕಥೆಯನ್ನು 2006ರಲ್ಲಿ ಒಮ್ಮೆ ಕೆಡಿಸಿ, ಅದು ಸಾಲದೆ 2019ರಲ್ಲಿ ಮತ್ತೊಮ್ಮೆ ಕೆಡಿಸಿದ ದಾಖಲೆಯೂ ಅದಕ್ಕಿದೆ. ಅದೇ 2019ರ ಮಾರ್ಚ್‌ನಲ್ಲಿ ಡಿಸ್ನಿ ಕಂಪನಿಯು ಫಾಕ್ಸ್‌ನ ಬಹುಪಾಲನ್ನು 7,130 ಕೋಟಿ ಡಾಲರಿಗೆ ಕೊಂಡುಕೊಂಡಾಗ ಎಕ್ಸ್-ಮೆನ್ ಕೂಡ ಮೇಜು ಕುರ್ಚಿಗಳ ಜೊತೆಯಲ್ಲಿ ಹೊಸ ಯಜಮಾನರ ಮನೆ ಸೇರಿದರು. ಇಷ್ಟು ಹಣ ತೆತ್ತವರು, ಲೋಕಲ್ ಗಾಡಿಯಲ್ಲಿ ನಡೆಯುವ ಮತದಾನದ ಫಲಿತಾಂಶ ಕೈಸೇರಲಿ ಎಂದು ಕಾಯುತ್ತಿದ್ದಾರೆ ಎಂಬ ನಂಬಿಕೆ ನಮ್ಮ ಹುಡುಗರದು. ಅವರ ಊರಿನ ಸಂಘದ ವಾರ್ಷಿಕ ಮಹಾಸಭೆ ಕೋರಂ ಇಲ್ಲದೆ ಅರ್ಧ ಗಂಟೆ ಮುಂದಕ್ಕೆ ಹೋಗಿ, ಆ ಬಳಿಕ ಬಂದಷ್ಟೇ ಜನರಿಂದ ನಡೆಯುತ್ತದೆ. ಮಾರ್ವೆಲ್‌ನ ಆಡಳಿತ ಮಂಡಳಿಯಲ್ಲಿ ಮಾತ್ರ ಒಬ್ಬನೂ ಗೈರುಹಾಜರಿಲ್ಲ.

ಹಕ್ಕಿನ ಮಾತು ಬಂದದ್ದರಿಂದ, ಸೂಪರ್‌ಹೀರೋ ತಂಡಗಳ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ‘ಫೆಂಟಾಸ್ಟಿಕ್ ಫೋರ್’ ಪಾತ್ರಗಳ ಹಕ್ಕನ್ನು ಪಡೆದಿದ್ದ ಜರ್ಮನಿಯ ನಿರ್ಮಾಪಕ ಬರ್ಂಡ್ ಐಶಿಂಗರ್, 1992 ಮುಗಿಯುವುದರೊಳಗೆ ಚಿತ್ರೀಕರಣ ಆರಂಭಿಸದಿದ್ದರೆ ಹಕ್ಕು ಕೈತಪ್ಪುವ ಸ್ಥಿತಿಯಲ್ಲಿದ್ದರು. ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಅವರನ್ನು ಹಿಡಿದು, ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ, ಆ ಡಿಸೆಂಬರ್‌ನ ಕೊನೆಯಲ್ಲಿ ಕ್ಯಾಮೆರಾ ತಿರುಗಿಸಿಯೇ ಬಿಟ್ಟರು. ಓಲಿ ಸಾಸೋನ್ ಎಂಬ ನಿರ್ದೇಶಕ ಶ್ರದ್ಧೆಯಿಂದ ಚಿತ್ರವನ್ನು ಮುಗಿಸಿದರು, ನಟರು ಊರೂರು ತಿರುಗಿ ಪ್ರಚಾರ ಮಾಡಿದರು, 1994ರಲ್ಲಿ ಬಿಡುಗಡೆ ಎಂದಾಯಿತು. ಆ ಬಿಡುಗಡೆ ಈವರೆಗೂ ಆಗಿಲ್ಲ. ಕಳ್ಳಪ್ರತಿಗಳಲ್ಲಿ ಕಂಡವರು ಕಂಡರು, ಅಷ್ಟೆ. ಅನಂತರ 2005 ಮತ್ತು 2007ರಲ್ಲಿ ಟಿಮ್ ಸ್ಟೋರಿ, 2015ರಲ್ಲಿ ಜಾಶ್ ಟ್ರ್ಯಾಂಕ್, 2025ರಲ್ಲಿ ಮ್ಯಾಟ್ ಶಾಕ್‌ಮನ್ ಇದೇ ನಾಲ್ವರನ್ನು ತೆರೆಗೆ ತಂದರು. ಟ್ರ್ಯಾಂಕ್ ಅವರಂತೂ ಬಿಡುಗಡೆಯ ಹಿಂದಿನ ದಿನವೇ, ವರ್ಷದ ಹಿಂದೆ ತನ್ನ ಬಳಿ ಇದಕ್ಕಿಂತ ಉತ್ತಮವಾದ ಚಿತ್ರವಿತ್ತು, ಅದನ್ನು ನೀವು ನೋಡಲಾರಿರಿ ಎಂದು ಜಗತ್ತಿಗೆ ಸಾರಿ, ಕೆಲ ಹೊತ್ತಿನಲ್ಲೇ ಆ ಮಾತನ್ನು ಅಳಿಸಿಹಾಕಿದರು. ಇಷ್ಟು ಜನರಲ್ಲಿ ಅಭಿಮಾನಿಗಳ ಬೈಗುಳಕ್ಕೆ ಸಿಗದೆ ನೆಮ್ಮದಿಯಾಗಿ ಉಳಿದವರೆಂದರೆ ಸಾಸೋನ್ ಒಬ್ಬರೇ. ಎಕ್ಸ್-ಮೆನ್‌ಗೆ ನನ್ನ ಅಭ್ಯರ್ಥಿಯೂ ಅವರೇ, ಅದೇ ಷರತ್ತಿನ ಮೇಲೆ.

ಅಭಿಮಾನಿಗಳು ಇದಕ್ಕೆ ಒಪ್ಪುವುದಿಲ್ಲ. ಅವರ ಕೈಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ, ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರನ್ನು ಒಟ್ಟುಗೂಡಿಸಿದ ‘ಜಸ್ಟಿಸ್ ಲೀಗ್’ ಚಿತ್ರ. 2017ರ ಮೇ ತಿಂಗಳಲ್ಲಿ, ಮಗಳನ್ನು ಕಳೆದುಕೊಂಡ ದುಃಖದಲ್ಲಿ ಝ್ಯಾಕ್ ಸ್ನೈಡರ್ ಆ ಚಿತ್ರದಿಂದ ಹಿಂದೆ ಸರಿದರು. ಜಾಸ್ ವೀಡನ್ ಬಂದು ಬಹಳಷ್ಟನ್ನು ಮತ್ತೆ ಚಿತ್ರಿಸಿದರು. ಆ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರಧಾರಿ ಹೆನ್ರಿ ಕ್ಯಾವಿಲ್ ಬೇರೊಂದು ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು, ಆ ಚಿತ್ರದವರು ಬೋಳಿಸಲು ಬಿಡಲಿಲ್ಲ, ಆದ್ದರಿಂದ ಮೀಸೆಯನ್ನು ಕಂಪ್ಯೂಟರಿನಲ್ಲಿ ಬೋಳಿಸಲಾಯಿತು. ಜಗತ್ತನ್ನು ಉಳಿಸಲು ಬಂದವನ ಮೇಲ್ದುಟಿ ಅರೆಬೆಂದ ಹಪ್ಪಳದ ಹಾಗೆ ಕಂಡದ್ದು ಓದುಗರಿಗೆ ನೆನಪಿರಬಹುದು. ಮೂಲ ನಿರ್ದೇಶಕರ ಚಿತ್ರವನ್ನೇ ತೋರಿಸಿ ಎಂದು ಅಭಿಮಾನಿಗಳು ಮೂರು ವರ್ಷ ಪಟ್ಟುಹಿಡಿದರು. ಟೈಮ್ಸ್ ಸ್ಕ್ವೇರ್‌ನಲ್ಲಿ ಜಾಹೀರಾತು ಫಲಕ ಹಾಕಿಸಿದರು, ವಿಮಾನದ ಬಾಲಕ್ಕೆ ಬ್ಯಾನರ್ ಕಟ್ಟಿ ಹಾರಿಸಿದರು, ಆತ್ಮಹತ್ಯೆ ತಡೆಯುವ ಸಂಸ್ಥೆಗೆ 5 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿ ಕೊಟ್ಟರು. ಈ ಕೊನೆಯದನ್ನು ಗೇಲಿ ಮಾಡುವ ಯೋಗ್ಯತೆ ನನಗಿಲ್ಲ. 2021ರ ಮಾರ್ಚ್ 18ರಂದು 242 ನಿಮಿಷಗಳ ಚಿತ್ರ, ಹಳೆಯ ದೂರದರ್ಶನದ ಪೆಟ್ಟಿಗೆಯ ಅಳತೆಯಲ್ಲಿ, ಹೊರಬಂದಿತು. ಮರುವರ್ಷ ಅಮೆರಿಕದ ಪತ್ರಿಕೆಯೊಂದು ಪ್ರಕಟಿಸಿದ ತನಿಖೆಯ ಪ್ರಕಾರ, ಈ ಚರ್ಚೆಯಲ್ಲಿ ಪಾಲ್ಗೊಂಡ ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ಕನಿಷ್ಠ ಶೇ. 13ರಷ್ಟು ನಕಲಿ. ನಮ್ಮ ಡೊಂಬಿವಲಿ ಗಾಡಿಯವರು ಮಾತ್ರ ಅಸಲಿ ಎಂಬುದಕ್ಕೆ ಅವರ ಮೊಣಕೈಗಳೇ ಸಾಕ್ಷಿ.

ಇನ್ನು ಯಾವ ನಿರ್ದೇಶಕನಿಗಾಗಿ ಇಷ್ಟು ಹೊಡೆದಾಟವೋ ಅವನ ಅಧಿಕಾರ ಎಷ್ಟು? ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ಟೆಲ್ 2018ರಲ್ಲಿ ಭಾರತದ ಪತ್ರಿಕೆಯೊಂದಕ್ಕೆ ಹೇಳಿದಂತೆ, ‘ಬ್ಲ್ಯಾಕ್ ವಿಡೋ’ ಚಿತ್ರದ ಮಾತುಕತೆಗೆ ಕರೆದ ಮಾರ್ವೆಲ್‌ನವರು, ಹೊಡೆದಾಟದ ದೃಶ್ಯಗಳ ಚಿಂತೆ ನಿಮಗೆ ಬೇಡ, ಅದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರಂತೆ. ವರ್ಷಗಟ್ಟಲೆ ‘ಆ್ಯಂಟ್-ಮ್ಯಾನ್’ಗಾಗಿ ದುಡಿದ ಎಡ್ಗರ್ ರೈಟ್ 2014ರಲ್ಲಿ ಚಿತ್ರೀಕರಣಕ್ಕೆ ಮೊದಲೇ ಹೊರನಡೆದರು, ಕುರ್ಚಿಗೆ ಇನ್ನೊಬ್ಬರು ಬಂದರು, ಚಿತ್ರ ಮರುವರ್ಷ ಬಿಡುಗಡೆಯಾಯಿತು. ಕರಾವಳಿಯ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮಳೆಗಾಲ ಹಿಡಿದ ಮೇಲೆ ಊರಿನಿಂದ ಮುಂಬೈಗೆ ಯಕ್ಷಗಾನದ ತಂಡಗಳು ಬರುತ್ತವೆ. ಸಭಾಗೃಹದ ಹೊರಗೆ ಚಹಾ ಕುಡಿಯುತ್ತ ನಮ್ಮವರು ಭಾಗವತರ ಬಗ್ಗೆ ಆಡುವ ಜಗಳ ಯಾವ ಹಾಲಿವುಡ್ ಜಗಳಕ್ಕೂ ಕಡಿಮೆಯದಲ್ಲ. ಆದರೆ ಆ ಜಗಳಕ್ಕೆ ಬುಡವಿದೆ. ಭಾಗವತರು ರಂಗದ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿರುತ್ತಾರೆ. ಅವರು ಪದ ಎತ್ತಿದರೆ ವೇಷ ಕುಣಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ, ಏರುಪದ್ಯ ಸಪ್ಪೆಯಾದರೆ ತಪ್ಪು ಯಾರದೆಂದು ಹಿಂದಿನ ಸಾಲಿನ ಮುದುಕನಿಗೂ ಗೊತ್ತಾಗುತ್ತದೆ. ಅದೇ ಅಭಿಮನ್ಯು ಅದೇ ಚಕ್ರವ್ಯೂಹಕ್ಕೆ ಪ್ರತಿ ವರ್ಷ ಹೊಕ್ಕರೂ ಮರು ಆರಂಭ ಎಂದು ಯಾರೂ ಫಲಕ ಹಾಕುವುದಿಲ್ಲ. ಸ್ಟುಡಿಯೋ ಚಿತ್ರದಲ್ಲಿ ಪದ ಎತ್ತುವವನು ಎಲ್ಲಿ ಕೂತಿದ್ದಾನೆಂದು ಅಭಿಮಾನಿಗೆ ಕಾಣುವುದೇ ಇಲ್ಲ. ಅವನು ಜಗಳವಾಡುತ್ತಿರುವುದು ಭಿತ್ತಿಪತ್ರದ ಕೆಳಗಿನ ಸಾಲಿನ ಜೊತೆಗೆ.

ಇಷ್ಟಿದ್ದರೂ ಅಭಿಮಾನಿಗಳ ಶಿಸ್ತನ್ನು ಮೆಚ್ಚಲೇಬೇಕು. ಚಿತ್ರ ಮುಗಿದ ಮೇಲೆ, ಮುಂದಿನ ಚಿತ್ರದ ಸುಳಿವು ಕೊಡುವ ತುಣುಕಿಗಾಗಿ ಒಬ್ಬನೂ ಏಳದೆ ಕಾಯುತ್ತಾನೆ. ಆ ಹೊತ್ತಿನಲ್ಲಿ ತೆರೆಯ ಮೇಲೆ ಸಾವಿರಾರು ಹೆಸರುಗಳು ಸಾಲುಗಟ್ಟಿ ಮೇಲೇರುತ್ತವೆ. ನಡುವೆ ಎಲ್ಲೋ ಒಂದು ಕಡೆ ಪಾಟೀಲ, ನಾಯರ್, ರೆಡ್ಡಿ, ಶೆಟ್ಟಿ ಎಂಬ ಹೆಸರುಗಳು ದಟ್ಟವಾಗುತ್ತವೆ, ಏಕೆಂದರೆ ಇಂಥ ಚಿತ್ರಗಳ ಗ್ರಾಫಿಕ್ಸ್ ಕೆಲಸದ ದೊಡ್ಡ ಪಾಲು ಮುಂಬೈ, ಬೆಂಗಳೂರು, ಚೆನ್ನೈಗಳಲ್ಲಿ ನಡೆಯುತ್ತದೆ. ಆ ಹೊತ್ತಿನಲ್ಲಿ ಸಭಾಗೃಹದ ತುಂಬ ಮೊಬೈಲ್‌ಗಳ ಬೆಳಕು. ‘ನಮ್ಮ ಶೆಟ್ಟರೇ ಆಗಬೇಕು’ ಎಂದು ವರ್ಷವಿಡೀ ಕೂಗಿದವನ ತಲೆಯ ಮೇಲಿಂದಲೇ ಶೆಟ್ಟರು ಹಾದುಹೋಗುತ್ತಾರೆ.

ನನ್ನ ಪರಿಚಯದ ಹುಡುಗನೊಬ್ಬ ಗೋರೆಗಾಂವಿನಲ್ಲಿ ರೋಟೋ ಕೆಲಸ ಮಾಡುತ್ತಾನೆ. ರೋಟೋ ಎಂದರೆ, ತೆರೆಯ ಮೇಲಿನ ನಟನ ಮೈಯ ಅಂಚಿನ ಸುತ್ತ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬಿಡಿಸಿ ತೆಗೆಯುವುದು. ಒಂದು ಸೆಕೆಂಡಿಗೆ 24 ಫ್ರೇಮುಗಳು, ಪ್ರತಿ ಫ್ರೇಮಿನಲ್ಲೂ ಗೆರೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ನಾಯಕ ಆಕಾಶದಲ್ಲಿ ತೇಲಿದರೆ ಅವನ ಸೊಂಟದ ತಂತಿಯನ್ನು ಒರೆಸಲು ಪಕ್ಕದ ಮೇಜಿನವನಿದ್ದಾನೆ. ಬಿರುಗಾಳಿ ಎಬ್ಬಿಸುವ ಸ್ಟಾರ್ಮ್‌ಳ ಬಿಳಿಗೂದಲು ಹಾರಾಡಿದರೆ ಅಭಿಮಾನಿಗೆ ಮೈ ಜುಮ್ಮೆನ್ನುತ್ತದೆ. ಅಂಥ ಒಂದೊಂದು ಎಳೆಯ ಹಿಂದೆ ಹೋಗಬೇಕಾದವನಿಗೆ ಆ ವಾರದ ನಿದ್ದೆ ಹೋಯಿತೆಂದು ಅರ್ಥ. ಯಾವ ಚಿತ್ರದ ಕೆಲಸವೆಂದು ಮನೆಯವರಿಗೂ ಹೇಳಬಾರದೆಂದು ಅವನಿಂದ ರುಜು ಹಾಕಿಸಿಕೊಂಡಿರುತ್ತಾರೆ. ಕೊನೆಗೆ ಹೆಸರುಗಳು ಏರುವಾಗ ಅವನದು ಇರುತ್ತದೆ ಎಂಬ ಖಾತ್ರಿಯಿಲ್ಲ.

2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಸಂಸ್ಥೆ ಜಗತ್ತಿನಾದ್ಯಂತ ಕುಸಿದು, ಬೆಂಗಳೂರು ಮತ್ತು ಮುಂಬೈಯ ಸಾವಿರಾರು ಜನ ದಿನಗಳ ಅಂತರದಲ್ಲಿ ಕೆಲಸ ಕಳೆದುಕೊಂಡರು. ಅವರ ಪರವಾಗಿ ಯಾರೂ ವಿಮಾನದ ಬಾಲಕ್ಕೆ ಬ್ಯಾನರ್ ಕಟ್ಟಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಸ್ವಂತ ಗ್ರಾಫಿಕ್ಸ್ ನೌಕರರೇ ಒಂದೂ ವಿರೋಧದ ಮತವಿಲ್ಲದೆ ಸಂಘ ಕಟ್ಟಲು ಮತ ಹಾಕಿದರಲ್ಲ, ಅದು ಯಾವ ಅಭಿಮಾನಿಯ ಯಾವ ಪಟ್ಟಿಯಲ್ಲಿದೆ? ಗ್ರಾಫಿಕ್ಸ್ ಕಳಪೆ ಎಂದು ಬೈಯಲು ಮಾತ್ರ ಎಲ್ಲರೂ ಪಂಡಿತರು. ಬಿಡುಗಡೆಗೆ ಕೆಲವೇ ವಾರಗಳಿರುವಾಗ ಸ್ಟುಡಿಯೋ ಇಡೀ ಕೊನೆಯ ದೃಶ್ಯವನ್ನೇ ಬದಲಾಯಿಸಿ, ಸೋಮವಾರಕ್ಕೆ ಬೇಕು ಎಂದು ಶುಕ್ರವಾರ ಸಂಜೆ ಕಳಿಸಿದರೆ, ಕಳಪೆಯಾಗದೆ ಇನ್ನೇನಾಗುತ್ತದೆ? ಇದನ್ನು ಬರೆಯುವುದಕ್ಕೂ ಈಗ ಬೇಸರ. ನಾಲ್ಕು ವರ್ಷದ ಹಿಂದೆಯೂ ಇದೇ ದೂರು ಇತ್ತು, ಇನ್ನು ನಾಲ್ಕು ವರ್ಷ ಬಿಟ್ಟರೂ ಇರುತ್ತದೆ, ನಾವು ಆಗಲೂ ನಿರ್ದೇಶಕ ಯಾರು ಎಂದೇ ಕೇಳುತ್ತಿರುತ್ತೇವೆ.

ಆ ಪ್ರಶ್ನೆಯನ್ನು ನಾನು ಗೋರೆಗಾಂವಿನ ಹುಡುಗನಿಗೂ ಹಾಕಿದೆ. ಎಕ್ಸ್-ಮೆನ್ ಅನ್ನು ಅವನು ಪುಸ್ತಕದ ಕಾಲದಿಂದ ಬಲ್ಲವನು, ಅಭಿಪ್ರಾಯವಿಲ್ಲದವನಲ್ಲ. “ಯಾರಾದರೂ ಆಗಲಿ ಸರ್, ಶೂಟಿಂಗ್ ಮುಗಿದ ಮೇಲೆ ಮನಸ್ಸು ಬದಲಾಯಿಸದವರಾದರೆ ಸಾಕು,” ಎಂದು ಹೇಳಿ, ನೈಟ್ ಶಿಫ್ಟಿಗೆ ತಡವಾಗುತ್ತದೆಂದು ಹೊರಟ.