ಔದಾರ್ಯದ ಮಗ್ಗಿ

ಪ್ರಾಚೀನ ರೋಮಿನಲ್ಲಿ ಮನುಷ್ಯರನ್ನು ಕೊಳ್ಳುವುದಕ್ಕೆ ಮಿತಿಯೇ ಇರಲಿಲ್ಲ. ಸ್ವತಃ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಇಸಿಡೋರಸ್ ಎಂಬ ಧನಿಕನು ಕ್ರಿ.ಪೂ. 8ರಲ್ಲಿ ಬರೆದ ಉಯಿಲಿನಲ್ಲಿ 4,116 ಗುಲಾಮರ ಲೆಕ್ಕವಿತ್ತೆಂದು ರೋಮಿನ ಲೇಖಕ ಪ್ಲಿನಿ ದಾಖಲಿಸುತ್ತಾನೆ. ಅದರಿಂದ ಯಾರ ನಿದ್ದೆಯೂ ಕೆಡಲಿಲ್ಲ. ಸರ್ಕಾರಕ್ಕೆ ಗಾಬರಿ ಹುಟ್ಟಿಸಿದ್ದು ಗುಲಾಮರನ್ನು ಬಿಡುವವರು.

ಹೀಗಾಗಿ ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ, ಕ್ರಿ.ಪೂ. 2ರಲ್ಲಿ, ಫೂಫಿಯಾ ಕನೀನಿಯಾ ಎಂಬ ಕಾನೂನು ಔದಾರ್ಯಕ್ಕೊಂದು ಮಗ್ಗಿಯನ್ನು ಕಟ್ಟಿಕೊಟ್ಟಿತು. ಉಯಿಲಿನ ಮೂಲಕ ಬಿಡುವುದಾದರೆ, ಮೂರರಿಂದ ಹತ್ತು ಗುಲಾಮರಿದ್ದವನು ಅರ್ಧದಷ್ಟು, ಮೂವತ್ತರವರೆಗಿದ್ದವನು ಮೂರರಲ್ಲೊಂದು, ನೂರರವರೆಗೆ ಕಾಲುಭಾಗ, ಐನೂರರವರೆಗೆ ಐದರಲ್ಲೊಂದು ಪಾಲು ಮಂದಿಯನ್ನು ಬಿಡಬಹುದಿತ್ತು. ಎಷ್ಟೇ ಸಾವಿರವಿರಲಿ, ನೂರರ ಗೆರೆ ದಾಟುವಂತಿರಲಿಲ್ಲ. ಹತ್ತು ಮಂದಿಯ ಒಡೆಯನು ಐವರನ್ನು ಬಿಡುವಾಗ ಹನ್ನೊಂದು ಮಂದಿಯ ಒಡೆಯನಿಗೆ ಮೂವರೇ ದಕ್ಕುವುದು ಅನ್ಯಾಯವಲ್ಲವೇ? ಕಾನೂನು ಅದನ್ನೂ ಯೋಚಿಸಿ, ಅವನಿಗೂ ಐವರನ್ನೇ ಕೊಟ್ಟಿತು. ಒಡೆಯರ ನಡುವೆ ತಾರತಮ್ಯವಾಗಬಾರದೆಂಬ ಈ ಕಾಳಜಿಯನ್ನು ಮೆಚ್ಚಲೇಬೇಕು.

ಮಿತಿ ಮೀರಿ ಹೆಸರು ಬರೆದರೆ ಪಟ್ಟಿಯಲ್ಲಿ ಮೊದಲು ಬಂದವರಿಗಷ್ಟೇ ಬಿಡುಗಡೆ. ಇದನ್ನರಿತ ಜಾಣರು ಹೆಸರುಗಳನ್ನು ವೃತ್ತಾಕಾರದಲ್ಲಿ ಬರೆದರೆ ಮೊದಲಿಗನಾರು, ಕೊನೆಯವನಾರು? ಕಾನೂನಿನ ಉತ್ತರ ಸಿದ್ಧವಿತ್ತು: ಕ್ರಮವೇ ತಿಳಿಯದಿದ್ದರೆ ಒಬ್ಬನಿಗೂ ಬಿಡುಗಡೆಯಿಲ್ಲ.

ಕ್ರಿ.ಶ. 4ರಲ್ಲಿ ಬಂದ ಏಲಿಯಾ ಸೆಂಟಿಯಾ ಕಾನೂನು ವಯಸ್ಸಿನ ಕಡೆಗೆ ಕಣ್ಣು ಹಾಯಿಸಿತು. ಹದಿನಾಲ್ಕು ತುಂಬಿದ ಹುಡುಗನು ಉಯಿಲು ಬರೆದು ಮನೆ, ಹೊಲ, ಹಣವನ್ನೆಲ್ಲ ಬೇಕಾದವರಿಗೆ ಕೊಡಬಹುದಿತ್ತು; ಆದರೆ ಇಪ್ಪತ್ತು ತುಂಬುವವರೆಗೆ ಅದೇ ಉಯಿಲಿನಲ್ಲಿ ಒಬ್ಬನೇ ಒಬ್ಬ ಗುಲಾಮನಿಗೂ ಬಿಡುಗಡೆ ಕೊಡುವಂತಿರಲಿಲ್ಲ. ಬದುಕಿದ್ದಾಗಲೇ ಬಿಡುವುದಾದರೆ, ರೋಮ್ ನಗರದಲ್ಲಿ ಐವರು ಸೆನೆಟರುಗಳೂ ಐವರು ಅಶ್ವಾರೋಹಿ ವರ್ಗದ ಗಣ್ಯರೂ ಕೂತ ಮಂಡಳಿಯ ಮುಂದೆ ಅವನು ನ್ಯಾಯವಾದ ಕಾರಣವನ್ನು ತೋರಿಸಬೇಕಿತ್ತು. ಅಂಥ ಕಾರಣಗಳಲ್ಲಿ ಒಂದು, ಆ ಗುಲಾಮರು ಅವನ ಸ್ವಂತ ತಂದೆಯೋ ತಾಯಿಯೋ ಆಗಿರುವುದು. ಹೆತ್ತವಳು ತನ್ನ ಸೊತ್ತಾಗಿರುವುದಕ್ಕೆ ಯಾವ ಮಂಡಳಿಯೂ ಕಾರಣ ಕೇಳಲಿಲ್ಲ.

ಐನೂರು ವರ್ಷಗಳ ಬಳಿಕ, 528ರಲ್ಲಿ, ಚಕ್ರವರ್ತಿ ಜಸ್ಟಿನಿಯನ್ ಫೂಫಿಯಾ ಕನೀನಿಯಾ ಕಾನೂನನ್ನು ರದ್ದುಮಾಡಿದನು. ಗುಲಾಮಗಿರಿ ಹಾಗೆಯೇ ಉಳಿಯಿತು. ಬದುಕಿರುವ ಒಡೆಯನು ಮನೆಯ ಗುಲಾಮರನ್ನೆಲ್ಲ ಬಿಡಬಹುದಾದಾಗ, ಸಾಯುತ್ತಿರುವ ಒಡೆಯನಿಂದ ಆ ಹಕ್ಕನ್ನು ಕಸಿಯುವುದು ಅಮಾನವೀಯವೆಂದು ಅವನ ಕಾನೂನು ಪಠ್ಯ ಕಾರಣ ಕೊಟ್ಟಿತು.