ಎರಡು ಗುಂಪು ಮಾಡಿದರೆ ಹೊಡೆದಾಟ ಖಚಿತವಾ?

ತೀರ್ಥಹಳ್ಳಿ ಕಡೆಯ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿದೆ: 'ಜನರನ್ನು ಎರಡು ಗುಂಪು ಮಾಡಿದರೆ ಹೊಡೆದಾಟ ಖಚಿತ. 1954ರಲ್ಲೇ ಅಮೆರಿಕದಲ್ಲಿ ಸಾಬೀತಾಗಿದೆ.' ಇದು ಅರ್ಧ ಕಥೆ.

ಪ್ರಯೋಗ ನಡೆದದ್ದು ನಿಜ. ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಅಮೆರಿಕದ ಓಕ್ಲಹೋಮದ ಶಿಬಿರದಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಪಂದ್ಯ ಆಡಿಸಿದರು. ಬೈಗುಳ ಹತ್ತಿತು, ಬಾವುಟ ಸುಟ್ಟರು. ಆದರೆ ಗೆದ್ದವರಿಗೆ ಮಾತ್ರ ಬಹುಮಾನ ಅಂತ ಇಟ್ಟವರು ದೊಡ್ಡವರೇ ಅಲ್ವಾ? ಸುಮ್ನೆ ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಆಮೇಲೆ ಊಟ ತರಬೇಕಾದ ಲಾರಿ ಕೆಟ್ಟಿದೆ ಎಂದಾಗ, ಹಗ್ಗಜಗ್ಗಾಟದ ಅದೇ ಹಗ್ಗ ಕಟ್ಟಿ ಎರಡೂ ತಂಡದವರು ಎಳೆದರು. ಇಂಥ ಕೆಲಸ ಜಾಸ್ತಿ ಆದಂತೆ ಸಿಟ್ಟು ಇಳಿಯಿತು. ಊರಿಗೆ ಹೊರಡುವಾಗ ಒಂದೇ ಬಸ್ ಸಾಕು ಎಂದರು.

1953ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಅವರೇ ಮಾಡಿದ ಪ್ರಯೋಗದ ಸುದ್ದಿ ಯಾರೂ ಕಳಿಸುವುದಿಲ್ಲ. ಅಲ್ಲಿ ಹುಡುಗರು ತಂಡ ಮಾಡುವ ಮೊದಲೇ ಸ್ನೇಹಿತರಾಗಿದ್ದರು. ಅಂದುಕೊಂಡ ಜಗಳ ಹತ್ತಲೇ ಇಲ್ಲ, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಕಳೆದ ಮಳೆಗಾಲ ಆಗುಂಬೆ ದಾರಿಗೆ ಮರ ಬಿತ್ತು. ವಾಲಿಬಾಲ್ ಪಂದ್ಯದಿಂದ ಮಾತು ಬಿಟ್ಟಿದ್ದ ಎರಡು ಊರಿನ ಹುಡುಗರು ಕಂಬಳಿಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು ಬಂದರು. ಕೊಂಬೆ ಕಡಿಯುವಷ್ಟರಲ್ಲಿ ಒಬ್ಬರ ಎಲೆ ಅಡಿಕೆ ಇನ್ನೊಬ್ಬರ ಕೈಯಲ್ಲಿತ್ತು.