ಬಿ.ಎ.ಗೆ ರಾಜ್ಯಶಾಸ್ತ್ರವನ್ನೇ ಮೇಜರ್ ತಗೋಬೇಕೆ?

ಪರ: ಬೇಕಿದ್ದದ್ದು 8, ಬಿದ್ದದ್ದು 7

ನಮ್ಮೂರ ಅಧ್ಯಕ್ಷರ ಮೇಲೆ ಅವಿಶ್ವಾಸ ತಂದ ದಿನ ಪಂಚಾಯಿತಿ ಮುಂದೆ ಜಾತ್ರೆಯಷ್ಟು ಜನ. ಒಟ್ಟು ಸದಸ್ಯರು 12, ಬಂದವರು 9, ಪರವಾಗಿ ಎದ್ದ ಕೈ 7. ಹೊರಗೆ ಹುಡುಗರು ಪಟಾಕಿ ಸರ ಬಿಚ್ಚತೊಡಗಿದರು. ಕಿಟಕಿಯಾಚೆ ನಿಂತಿದ್ದ ದೊಡ್ಡಪ್ಪ, "ಒಂಬತ್ತರಲ್ಲಿ ಏಳು. ಮೂರನೇ ಎರಡಕ್ಕಿಂತ ಜಾಸ್ತೀನೇ ಆಯ್ತಲ್ಲ" ಅಂದರು.

ನಾನಾಗ ಎರಡನೇ ಬಿ.ಎ. "ಬಂದವರ ಲೆಕ್ಕ ಅಲ್ಲ ದೊಡ್ಡಪ್ಪ, ಒಟ್ಟು ಸದಸ್ಯರ ಲೆಕ್ಕ. ಎಂಟು ಬೇಕು" ಅಂದೆ. "ನೀ ಸುಮ್ನಿರಮ್ಮ" ಅಂದರು. ಒಳಗೆ ಎಸಿ (ಉಪವಿಭಾಗಾಧಿಕಾರಿ) ಸಾಹೇಬರು ಪಂಚಾಯತ್ ರಾಜ್ ಕಾಯ್ದೆಯ 49ನೇ ಪ್ರಕರಣ ತೆರೆದು ಓದಿದ್ದೂ ಅದನ್ನೇ. ಪಟಾಕಿ ಚೀಲ ಸೇರಿತು.

ಇದು ನನ್ನ ಜಾಣತನವಲ್ಲ. ರಾಷ್ಟ್ರಪತಿಯನ್ನು ಹುದ್ದೆಯಿಂದ ಇಳಿಸುವ ಮಹಾಭಿಯೋಗಕ್ಕೆ ಸದನದ ಒಟ್ಟು ಸದಸ್ಯಬಲದ ಮೂರನೇ ಎರಡು ಬೇಕು. ಸಂವಿಧಾನ ತಿದ್ದುಪಡಿಗೆ ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. ಈ ವ್ಯತ್ಯಾಸವನ್ನು ನಮ್ಮ ಮೇಡಂ ತಲೆಗೆ ಮೊಳೆ ಹೊಡೆದ ಹಾಗೆ ಕೂರಿಸಿದ್ದರು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಬಹುಮತ ತೀರ್ಮಾನವಾಗಬೇಕಾದ ಜಾಗ ವಿಧಾನಸಭೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ದೇಶವೆಲ್ಲ ಓದುವ ಆ ತೀರ್ಪಿಗೆ ಕಾರಣವಾದ ಜಗಳ ನಮ್ಮದೇ ರಾಜ್ಯದ್ದು. ನಾವು ಓದದೆ ಇನ್ಯಾರು ಓದಬೇಕು?

ಕೆಲಸ ಸಿಗುತ್ತಾ ಅಂತ ಕೇಳುತ್ತಾರೆ. ಎಂಜಿನಿಯರಿಂಗ್ ಮಾಡಿದವರಿಗೆಲ್ಲ ಸಿಕ್ಕಿದೆಯೇ? ದೊಡ್ಡಪ್ಪ ಈಗ ಯಾವ ನೋಟಿಸ್ ಬಂದರೂ ಮೊದಲು ನನಗೆ ವಾಟ್ಸಾಪ್ ಮಾಡುತ್ತಾರೆ.

ವಿರೋಧ: ಓದಿ, ಮೇಜರ್ ಬೇಡ

ಸಂಪಾದಕರು ನನಗೆ ಈ ಪಕ್ಷ ಕೊಟ್ಟಿದ್ದಾರೆ. ಇದೇ ವಿಷಯದ ಅತಿಥಿ ಉಪನ್ಯಾಸಕ ನಾನು, ಉಂಡ ಮನೆಗೆ ಎರಡು ಬಗೆದಂತಾಗುತ್ತದೆ. ಇರಲಿ.

ಮೊದಲ ದಿನ ಕ್ಲಾಸಿನಲ್ಲಿ "ಯಾಕೆ ತಗೊಂಡ್ರಿ?" ಎಂದರೆ ಅರ್ಧ ಬೆಂಚು "ಕೆಎಎಸ್ ಮಾಡ್ಬೇಕು ಸರ್" ಅನ್ನುತ್ತದೆ. ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವೇ ಈಗಿಲ್ಲ. ಯುಪಿಎಸ್‌ಸಿಯಲ್ಲಿದೆ, ಆದರೆ ಅಲ್ಲಿ ರಾಜ್ಯಶಾಸ್ತ್ರ ತಗೊಳ್ಳಲು ಬಿ.ಇ. ಓದಿದವರಿಗೂ ಅಡ್ಡಿಯಿಲ್ಲ. ಅಂದಮೇಲೆ ಮೂರು ವರ್ಷ ಇದನ್ನೇ ಹಿಡಿದು ಕೂರುವುದೇಕೆ? ಮೂರೋ ನಾಲ್ಕೋ ಎಂಬುದೂ ನೆಟ್ಟಗಿರಲಿಲ್ಲ: 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕಿಳಿಯಿತು.

ಪ್ರಜಾಪ್ರಭುತ್ವ ಉಳಿಯಬೇಕಾದರೆ ಇದನ್ನು ಓದಬೇಕಂತೆ. ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಕೆಲವರು ಎಲೆಕ್ಷನ್ ಬಂತೆಂದರೆ ನಾಯಕರ ಬ್ಯಾನರ್ ಕಟ್ಟುತ್ತಾರೆ. ಅದಕ್ಕೆ ಪ್ಲೇಟೋ ಬೇಕಿರಲಿಲ್ಲ, ಏಣಿ ಸಾಕಿತ್ತು.

ಈ ವಿಷಯವನ್ನೇ ಓದಿರಬೇಕು ಎನ್ನುವ ಕೆಲಸವೊಂದಿದೆ, ನನ್ನದು. 10 ತಿಂಗಳ ನೇಮಕ, ಆಮೇಲೆ ಮತ್ತೆ ಅರ್ಜಿ, ಕೌನ್ಸೆಲಿಂಗ್. ಈ ಸಲವೂ ಅಡ್ಮಿಷನ್ ಇಳಿದರೆ ನನ್ನ ಕಾರ್ಯಭಾರವೇ ಹೋಗುತ್ತದೆ. ಆದ್ದರಿಂದ ಪಿಯುಸಿ ಮುಗಿಸಿದವರು ಯಾರೂ ಈ ಬರಹ ಓದದಿದ್ದರೆ ಒಳ್ಳೆಯದು.